ನಿರುಪಮಾ ಇಟಲಿಗೆ ಹೋದದ್ದು

ಜಪಾನಿಗೆ ಬಂದ ನಮ್ಮವರು ಮೊದಲು ಕಲಿಯುವ ಮಾತು ‘ಹಾಯ್’. ಹೌದು ಎನ್ನುವುದಕ್ಕೆ ಹಾಯ್, ಕೇಳಿಸಿತು ಎನ್ನುವುದಕ್ಕೆ ಹಾಯ್, ನನಗೇನೂ ಅರ್ಥವಾಗಲಿಲ್ಲ ಮಹರಾಯ, ದಯವಿಟ್ಟು ಬಿಟ್ಟುಬಿಡು ಎನ್ನುವುದಕ್ಕೂ ಹಾಯ್. ಬಹಳ ಜನ ಅಲ್ಲಿಗೇ ಕಲಿಕೆ ನಿಲ್ಲಿಸುತ್ತಾರೆ. ಬಾಗಿಲಿಗೆ ಬಂದವನಿಗೆಲ್ಲ ಹಾಯ್ ಅಂದ ತಪ್ಪಿಗೆ ನಮ್ಮ ಮನೆಗೆ ಎರಡು ದಿನಪತ್ರಿಕೆ ಬರುತ್ತವೆ. ನನಗೆ ಎರಡನ್ನೂ ಓದಲು ಬರುವುದಿಲ್ಲ.

ಆದರೆ ಒಂದೇ ಒಂದು ಹಾಯ್ ಅಂದು, ತೀರಿಕೊಂಡ ಹೆಂಡತಿಯನ್ನು ಇಟಲಿ ಪ್ರವಾಸಕ್ಕೆ ಕಳಿಸಿದವನು ನನಗೆ ತಿಳಿದಂತೆ ನಮ್ಮ ರಮಾಕಾಂತ ಒಬ್ಬನೇ.

ರಮಾಕಾಂತ ಮೈಸೂರಿನವನು, ನನ್ನ ಜೊತೆ ಇಂಜಿನಿಯರಿಂಗ್ ಓದಿದವನು. ನಾನು, ಎಂದರೆ ಉಮಾಶಂಕರ್, ಕಂಪ್ಯೂಟರಿನ ಕಡೆ ಹೋದೆ. ಅವನು ಕಬ್ಬಿಣದ ಕಡೆ ಹೋದ. ಈಗ ಕಾವಾಸಾಕಿಯ ಕಾರ್ಖಾನೆಯೊಂದರಲ್ಲಿ ವಾಹನಗಳ ಬ್ರೇಕ್ ಪರೀಕ್ಷೆ ಮಾಡುತ್ತಾನೆ. ಮನೆ ಮಾತ್ರ ಫುನಾಬೊರಿಯಲ್ಲಿ. ದಿನಾ ಟೋಕಿಯೋದ ಈ ತುದಿಯಿಂದ ಆ ತುದಿಗೆ ರೈಲಿನಲ್ಲಿ ನೇತಾಡಿಕೊಂಡು ಹೋಗುವ ಬದಲು ಕಾವಾಸಾಕಿಯಲ್ಲೇ ಮನೆ ಮಾಡಬಾರದೇನೋ ಎಂದು ಕೇಳಿದರೆ, “ನಿರುಪಮಾಗೆ ಇಲ್ಲಾದ್ರೆ ಕರಿಬೇವು ಸಿಗತ್ತಪ್ಪಾ” ಎನ್ನುತ್ತಿದ್ದ. ಕರಿಬೇವಿಗಾಗಿ ಇಷ್ಟು ದೂರ ಓಡಾಡಿದ ಗಂಡಸು ಚರಿತ್ರೆಯಲ್ಲಿ ಇನ್ನೊಬ್ಬನಿರಲಾರ.

ಇಂಥವನಿಗೆ ಒಂದು ಕೊರತೆ. ಸೈಕಲ್ ಬರುವುದಿಲ್ಲ. ಬೇರೆ ದೇಶದಲ್ಲಾದರೆ ಇದು ಮುಚ್ಚಿಡಬಹುದಾದ ಸಂಗತಿ. ಜಪಾನಿನಲ್ಲಿ ಎಂಬತ್ತರ ಅಜ್ಜಿಯರು ಬುಟ್ಟಿಯಲ್ಲಿ ಮೂಲಂಗಿ ಇಟ್ಟುಕೊಂಡು, ತಾಯಂದಿರು ಹಿಂದೊಂದು ಮುಂದೊಂದು ಮಗು ಕೂರಿಸಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿರುವಾಗ, ಮೀಸೆ ಹೊತ್ತ ಗಂಡಸೊಬ್ಬ ನಡೆದು ಹೋಗುತ್ತಿದ್ದರೆ ಜನ ಮರುಕದಿಂದ ನೋಡುತ್ತಾರೆ.

ನಿರುಪಮಾ ಹಾಗಲ್ಲ. ಬಂದ ವರ್ಷವೇ ಮುಂದೆ ಬುಟ್ಟಿಯಿರುವ ಕೆಂಪು ಸೈಕಲ್ಲೊಂದನ್ನು ಕೊಂಡು, ಫುನಾಬೊರಿಯ ಗಲ್ಲಿಗಲ್ಲಿಯನ್ನೂ ತನ್ನದು ಮಾಡಿಕೊಂಡಳು. ಭಾನುವಾರ ಇಬ್ಬರೂ ಅರಾಕಾವಾ ನದಿಯ ದಂಡೆಗೆ ಹೋಗುತ್ತಿದ್ದರು. ಅವಳು ಸೈಕಲ್ ಮೇಲೆ, ಬೇಕೆಂದೇ ನಿಧಾನವಾಗಿ. ಅವನು ಪಕ್ಕದಲ್ಲಿ ಏದುಸಿರು ಬಿಡುತ್ತ. ನೋಡಿದವರಿಗೆ ಆಕೆ ಗಂಡನನ್ನು ವಾಕಿಂಗ್‌ಗೆ ಕರೆದುಕೊಂಡು ಹೊರಟಂತೆ ಕಾಣುತ್ತಿತ್ತು.

ಇಟಲಿಯ ಹುಚ್ಚು ಹಿಡಿದದ್ದು ಅವಳಿಗೇ. ಟೀವಿಯಲ್ಲಿ ಯಾವುದೋ ಕಾರ್ಯಕ್ರಮ ನೋಡಿದಳು: ಹಸಿರು ಗುಡ್ಡಗಳು, ಅವುಗಳ ನಡುವೆ ಬಿಳಿ ಜಲ್ಲಿಯ ದಾರಿ, ದಾರಿಯುದ್ದಕ್ಕೂ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು, ಆ ದಾರಿಯಲ್ಲಿ ಮುದುಕ ಮುದುಕಿ ಸೈಕಲ್ ತುಳಿದುಕೊಂಡು ಹೋಗುತ್ತಿರುವುದು. ಅಷ್ಟೇ. ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಸೆಪ್ಟೆಂಬರಿನಲ್ಲಿ ಟಸ್ಕನಿಗೆ ಹೋಗಬೇಕೆಂದು ತೀರ್ಮಾನವಾಯಿತು. ಚಪಾತಿ ಲಟ್ಟಿಸುತ್ತ ದಿನಾ ಆ ದಾರಿಯನ್ನು ಹೇಳಿ ಹೇಳಿ ಅವನಿಗೂ ಬಾಯಿಪಾಠವಾಗಿತ್ತು.

“ಮೊಂಟಾಲ್ಚಿನೋದಿಂದ ಪಿಯೆಂಜಾವರೆಗೆ ನಡ್ಕೊಂಡು ಹೋಗೋಣ, ನಿಮಗೋಸ್ಕರ. ಅಲ್ಲಿಂದ ಮೊಂಟೆಪುಲ್ಚಾನೋಗೆ, ಆಮೇಲೆ ಗುಡ್ಡ ಸುತ್ಕೊಂಡು ವಾಪಸ್ಸು, ಎಲ್ಲಾ ಸೈಕಲ್ಲು. ಅದು ನನಗೋಸ್ಕರ. ಕಲೀತೀರಾ ತಾನೆ?”

“ಕಲೀತೀನಿ ಕಣೆ.”

ಕಲಿಸುವ ಕೆಲಸ ನದಿಯ ದಂಡೆಯಲ್ಲಿ ಶುರುವಾಯಿತು. ನಾನೂ ನನ್ನ ಹೆಂಡತಿ ಶ್ರೀವಿದ್ಯಾಳೂ ಒಮ್ಮೆ ನೋಡಲು ಹೋಗಿದ್ದೆವು. ರಮಾಕಾಂತ ಸೀಟಿನ ಮೇಲೆ ಕೂತ ಕೂಡಲೇ ಎರಡೂ ಬ್ರೇಕನ್ನು ಬಲವಾಗಿ ಅದುಮಿ ಹಿಡಿಯುತ್ತಿದ್ದ.

“ಬ್ರೇಕ್ ಬಿಡ್ರೀ!” ಎಂದು ಹಿಂದಿನಿಂದ ನಿರುಪಮಾ.

“ಸರಿಯಾಗಿ ಹಿಡಿಯತ್ತಾ ಅಂತ ನೋಡ್ತಿದೀನಿ.”

“ನೀವು ಹೊರಟ್ರೆ ತಾನೆ ನಿಲ್ಲಿಸೋದು?”

ಜುಲೈಯಲ್ಲಿ ಅಣ್ಣನ ಮಗಳ ಮದುವೆಗೆಂದು ನಿರುಪಮಾ ಮೈಸೂರಿಗೆ ಹೋದಳು. ಮದುವೆಯ ಮಾರನೆಯ ಬೆಳಿಗ್ಗೆ ಎಲ್ಲರಿಗೂ ಕಾಫಿ ಬೆರೆಸುತ್ತಿದ್ದವಳು ಅಡುಗೆಮನೆಯಲ್ಲೇ ಕುಸಿದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ರಮಾಕಾಂತ ಇಲ್ಲಿಂದ ಹೊರಟು ತಲುಪುವ ಹೊತ್ತಿಗೆ ಬೆಂಕಿ ಕೊಡುವ ಕೆಲಸವೊಂದೇ ಉಳಿದಿತ್ತು. ಇದರಲ್ಲಿ ನಗಿಸುವಂಥದ್ದು ಏನೂ ಇಲ್ಲ, ಹುಡುಕುವುದೂ ಇಲ್ಲ. ನಮ್ಮ ಮನೆಯಲ್ಲಿ ಆ ವಾರ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ.

ಕರ್ಮಗಳನ್ನೆಲ್ಲ ಮುಗಿಸಿ ಅವನು ವಾಪಸ್ಸು ಬಂದ. ಬಂದವನು ಎಲ್ಲ ಮಾತೂ ಆಡುತ್ತಿದ್ದ, ಒಂದನ್ನು ಬಿಟ್ಟು. ಸತ್ತಳು ಎನ್ನಲಿಲ್ಲ, ತೀರಿಕೊಂಡಳು ಎನ್ನಲಿಲ್ಲ, ಹೋಗಿಬಿಟ್ಟಳು ಎಂದೂ ಅನ್ನಲಿಲ್ಲ. ಮೈಸೂರಿನಿಂದ ನನಗೆ ಫೋನ್ ಮಾಡಿದಾಗಲೂ, “ಉಮಾ, ಇಲ್ಲಿ ಹಿಂಗಾಯ್ತು ಕಣೋ” ಎಂದು ಫೋನನ್ನು ಭಾವಮೈದುನನ ಕೈಗೆ ಕೊಟ್ಟಿದ್ದ. ಆಫೀಸಿಗೆ ಭಾವಮೈದುನ ಬರೆದ. ಇಲ್ಲಿನ ಕನ್ನಡದವರಿಗೆ ನಾವು ಹೇಳಿದೆವು. ಅವನ ಕಟ್ಟಡದ ಜಪಾನಿ ನೆರೆಯವರಿಗೆ ಅವನೇ ಹೇಳಿರುತ್ತಾನೆ ಎಂದು ನಾವು, ನಾವು ಹೇಳಿರುತ್ತೇವೆ ಎಂದು ಅವನು. ಹೀಗೆ ನಾಲ್ಕು ಗೋಡೆಯಾಚೆಯವರಿಗೆ ಮಾತ್ರ ಸುದ್ದಿ ತಲುಪಲಿಲ್ಲ.

ಮೊದಲೆರಡು ತಿಂಗಳ ಮಾಸಿಕವನ್ನು ನಿಶಿ-ಕಾಸಾಯಿಯ ನಮ್ಮ ಮನೆಯಲ್ಲೇ ಮಾಡಿಸಿದೆವು. ಮೈಸೂರಿನ ಶಾಸ್ತ್ರಿಗಳು ಲ್ಯಾಪ್‌ಟಾಪಿನೊಳಗಿಂದ ಮಂತ್ರ ಹೇಳಿದರು. ಕಾಗೆಗೆಂದು ಎಲೆಯಲ್ಲಿ ಅನ್ನ, ವಡೆ ಹಾಕಿ ಹತ್ತಿರದ ಪಾರ್ಕಿನಲ್ಲಿಟ್ಟು ಕಾದೆವು. ಟೋಕಿಯೋದಲ್ಲಿ ಕಾಗೆಗೆ ಬರವೇ? ಒಂದೊಂದೂ ಕೋಳಿಯ ಗಾತ್ರ. ಆದರೂ ಎರಡೂ ಸಲ ಒಂದೂ ಮುಟ್ಟಲಿಲ್ಲ. ಪಾರಿವಾಳಗಳು ಬಂದು ತಿಂದು ಹೋದವು. ಪಾರಿವಾಳಕ್ಕೆ ಶಾಸ್ತ್ರದಲ್ಲಿ ಅಧಿಕಾರವಿಲ್ಲ. “ಏನೋ ಆಸೆ ಉಳ್ಕೊಂಡಿದೆ” ಎಂದು ಶ್ರೀವಿದ್ಯಾ ನನ್ನ ಕಿವಿಯಲ್ಲಿ ಹೇಳಿದಳು. ರಮಾಕಾಂತ ಕೇಳಿಸಿಕೊಂಡನೋ ಇಲ್ಲವೋ, ಖಾಲಿ ಎಲೆಯನ್ನು ಮಡಿಚಿ ಜೇಬಿಗಿಟ್ಟುಕೊಂಡ.

ಇನ್ನು ಆ ಹಾಯ್‌ನ ಸಮಾಚಾರ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ರಮಾಕಾಂತ ಕಟ್ಟಡದ ಸೈಕಲ್ ಸ್ಟ್ಯಾಂಡಿನಲ್ಲಿ ಕೆಂಪು ಸೈಕಲ್ಲಿನ ಧೂಳು ಒರೆಸುತ್ತಿದ್ದ. ನೆಲಮಹಡಿಯ ನೋಮುರಾ-ಸಾನ್, ಎಂದರೆ ನೋಮುರಾ ಅವರು, ಬಂದರು. ವಯಸ್ಸು ಎಂಬತ್ತು ದಾಟಿದೆ, ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷೆ, ನಿರುಪಮಾಳಿಗೆ ಉಪ್ಪಿನಕಾಯಿಯ ಗೆಳತಿ. ಇವಳು ಮಾವಿನಕಾಯಿಯದು ಕೊಟ್ಟರೆ ಅವರು ಮೂಲಂಗಿಯದು ಕೊಡುತ್ತಿದ್ದರು. ಇಟಲಿಯ ಸುದ್ದಿಯನ್ನು ನಿರುಪಮಾ ಆಗಲೇ ಅವರಿಗೆ ಹೇಳಿಯಾಗಿತ್ತು.

“ಅರೆ, ನೀವು ಇಲ್ಲೇ ಇದ್ದೀರಾ? ಇಟಲಿ ಪ್ರವಾಸ ಈ ತಿಂಗಳಲ್ಲವೇ? ಒಕುಸಾನ್ ಕಾಣಿಸುತ್ತಲೇ ಇಲ್ಲ” ಎಂದರು. ಒಕುಸಾನ್ ಎಂದರೆ ನಿಮ್ಮ ಶ್ರೀಮತಿಯವರು. ರಮಾಕಾಂತ ಬಾಯಿ ತೆರೆದ, ಏನೂ ಬರಲಿಲ್ಲ. ಅವನ ಸಂಕಟ ನೋಡಿ ಮುದುಕಿಯೇ ಊಹಿಸಿ ಕೇಳಿದರು: “ನಿಮಗೆ ರಜೆ ಸಿಗಲಿಲ್ಲವೇ? ಅವರು ಒಬ್ಬರೇ ಹೋದರೇ?”

“ಹಾಯ್” ಎಂದ ರಮಾಕಾಂತ.

ಮರುದಿನ ಇಡೀ ಕಟ್ಟಡಕ್ಕೆ ಗೊತ್ತಾಯಿತು. ಒಬ್ಬ ಹೆಂಗಸು ಒಬ್ಬಳೇ, ಇಟಲಿಯ ಗುಡ್ಡಗಳಲ್ಲಿ, ನಡೆದುಕೊಂಡು, ಸೈಕಲ್ ತುಳಿದುಕೊಂಡು! ಎರಡನೇ ಮಹಡಿಯ ಇಶಿದಾ-ಸಾನ್ ಭೂಗೋಳದ ಮೇಷ್ಟರಾಗಿ ನಿವೃತ್ತರಾದವರು. ವರ್ಷಗಳಿಂದ ಪಾಠ ಮಾಡಲು ಯಾರೂ ಸಿಗದೆ ಒಣಗಿಹೋಗಿದ್ದರು. ಅವರು ನೋಟಿಸ್ ಬೋರ್ಡಿನಲ್ಲಿ ಕಸ ಹಾಕುವ ದಿನಗಳ ಪಟ್ಟಿಯ ಪಕ್ಕದಲ್ಲೇ ಟಸ್ಕನಿಯ ನಕ್ಷೆ ಅಂಟಿಸಿ, ಕೆಂಪು ಗುಂಡುಸೂಜಿಯೊಂದನ್ನು ಚುಚ್ಚಿ ಕಾದು ನಿಂತರು. ಕೆಲಸದಿಂದ ಬಂದ ರಮಾಕಾಂತನಿಗೆ ದಿನಾ ಒಂದೇ ಪ್ರಶ್ನೆ: “ಇವತ್ತು ಎಲ್ಲಿದ್ದಾರೆ?”

ಬೇರೆಯವನಾಗಿದ್ದರೆ ಬಾಯಿಗೆ ಬಂದದ್ದು ಹೇಳಿ ಪಾರಾಗುತ್ತಿದ್ದ. ರಮಾಕಾಂತ ಬ್ರೇಕ್ ಪರೀಕ್ಷಕ. ಸುಳ್ಳಿನಲ್ಲೂ ಲೆಕ್ಕ ತಪ್ಪಬಾರದು. ರೈಲಿನಲ್ಲಿ ನೇತಾಡಿಕೊಂಡೇ ಫೋನಿನಲ್ಲಿ ಆ ದಾರಿಯ ಏರು ಎಷ್ಟು, ಇಳಿತ ಎಷ್ಟು, ಅಲ್ಲಿ ಮಳೆಯೋ ಬಿಸಿಲೋ ಎಲ್ಲ ನೋಡಿ, ನಿರುಪಮಾಳ ನಡಿಗೆಗೆ ಎಷ್ಟು ದೂರ ಸಾಧ್ಯವೋ ಅಷ್ಟೇ ಅವಳನ್ನು ನಡೆಸುತ್ತಿದ್ದ. ಏರು ಜಾಸ್ತಿಯಿದ್ದ ದಿನದ ಮಾರನೆಯ ದಿನ ಅವಳಿಗೆ ವಿಶ್ರಾಂತಿ.

ಒಂದು ದಿನ, ಕಥೆ ತೀರಾ ಸಲೀಸಾಗಿ ಹೋಗುತ್ತಿದೆ, ಯಾರಾದರೂ ಸಂಶಯಪಟ್ಟಾರು ಎಂದು ಅವಳಿಗೆ ಸಣ್ಣದೊಂದು ಮಂಡಿನೋವು ಬರಿಸಿದ. ಕಟ್ಟಡವೇ ತಲ್ಲಣಿಸಿತು. ನೋಮುರಾ-ಸಾನ್ ಮಂಡಿಗೆ ಅಂಟಿಸುವ ಪಟ್ಟಿಗಳ ಕಟ್ಟು ಹಿಡಿದುಕೊಂಡು ಬಂದು, ಇಟಲಿಗೆ ಪಾರ್ಸೆಲ್ ಕಳಿಸಲು ವಿಳಾಸ ಕೇಳಿದರು. ಬೆವತುಹೋದ ರಮಾಕಾಂತ ನಕ್ಷೆಯನ್ನು ತಡಕಿ, ಬಾನ್ಯೋ ವಿನ್ಯೋನಿ ಎಂಬ ಹಳ್ಳಿಗೆ ಅವಳನ್ನು ಸಾಗಿಸಿದ. ಅಲ್ಲಿ ಊರ ನಡುವೆಯೇ ಬಿಸಿನೀರಿನ ಕೊಳವಿದೆ.

“ಅಲ್ಲೂ ಒನ್ಸೆನ್ ಇದೆಯೇ!” ಎಂದು ಮುದುಕಿಯ ಕಣ್ಣು ಅರಳಿತು. ಬಿಸಿನೀರಿನ ಬುಗ್ಗೆ ಎಂದರೆ ಜಪಾನಿಗಳಿಗೆ ಅರ್ಧ ಮೋಕ್ಷ. “ಹಾಗಾದರೆ ಎರಡು ದಿನ ಅಲ್ಲೇ ಇರಲಿ. ನಾನು ಹೇಳಿದೆನೆಂದು ಹೇಳಿ.”

ನಿರುಪಮಾ ಎರಡು ದಿನ ಅಲ್ಲೇ ಇದ್ದಳು. ಮಂಡಿ ವಾಸಿಯಾಯಿತು. ಪಿಯೆಂಜಾದಲ್ಲಿ ಕುರಿಹಾಲಿನ ಚೀಸ್ ತಿಂದಳು. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲವೆಂದು ಬೈದಳು. ಆ ಬೈಗುಳವನ್ನು ರಮಾಕಾಂತ ಎಷ್ಟು ಚೆನ್ನಾಗಿ ಹೇಳಿದನೆಂದರೆ ಇಶಿದಾ-ಸಾನ್ ಬಿದ್ದು ಬಿದ್ದು ನಕ್ಕರಂತೆ. ಹೆಂಡತಿ ಊರಲ್ಲಿಲ್ಲದ ಗಂಡಸೆಂದು ನೆರೆಯವರು ಸರದಿಯ ಮೇಲೆ ಊಟ ತಂದುಕೊಡತೊಡಗಿದರು. ಎಷ್ಟೋ ವಾರಗಳಿಂದ ಸರಿಯಾಗಿ ಉಣ್ಣದ ಅವನು ತುಸು ಮೈಕೈ ತುಂಬಿಕೊಂಡ.

ಇಷ್ಟು ಸಾಲದೆಂದು ಪೊಲೀಸರೂ ಇದರಲ್ಲಿ ಸೇರಿದರು. ರಮಾಕಾಂತ ಸಂಜೆ ಹೊತ್ತು ಕೆಂಪು ಸೈಕಲ್ಲನ್ನು ನದಿಯ ದಂಡೆಯವರೆಗೆ ತಳ್ಳಿಕೊಂಡು ಹೋಗಿ, ಮತ್ತೆ ತಳ್ಳಿಕೊಂಡು ಬರುತ್ತಿದ್ದ. ನಿಂತಲ್ಲೇ ನಿಂತರೆ ಟೈರು ಹಾಳಾಗುತ್ತದೆ ಎಂದು ಅವಳು ಹೇಳುತ್ತಿದ್ದಳಲ್ಲ, ಅದಕ್ಕೆ. ಹೆಂಗಸರ ಸೈಕಲ್ಲನ್ನು ಹತ್ತದೆ ತಳ್ಳಿಕೊಂಡು ಹೋಗುವ ಗಂಡಸು ಎಂದರೆ ಇಲ್ಲಿ ಕಳ್ಳನೇ. ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿಯ ಮುಂದೆ ಎಳೆಯ ಪೊಲೀಸನೊಬ್ಬ ತಡೆದ. ಇಲ್ಲಿ ಪ್ರತಿ ಸೈಕಲ್ಲಿಗೂ ಯಜಮಾನರ ಹೆಸರಿನಲ್ಲಿ ನೋಂದಣಿಯಿರುತ್ತದೆ. ಸೈಕಲ್ಲಿಗೆ ಅಂಟಿಸಿದ್ದ ನಂಬರ್ ನೋಡಿ ಅವನು ರೇಡಿಯೋದಲ್ಲಿ ವಿಚಾರಿಸಿದ.

“ಇದು ನಿರುಪಮಾ ಎಂಬವರ ಸೈಕಲ್ಲು. ಅವರು ಎಲ್ಲಿದ್ದಾರೆ?”

ನೋಡಿ, ಎಂಥ ಅವಕಾಶ. ಸರ್ಕಾರವೇ ಬಂದು ಎದುರು ನಿಂತು ಕೇಳುತ್ತಿದೆ. ಒಂದು ವಾಕ್ಯ ಹೇಳಿದರೆ ಮುಗಿಯುತ್ತಿತ್ತು.

“ಇಟಲಿಯಲ್ಲಿ.”

“ಅಲ್ಲಿ ಏನು ಮಾಡುತ್ತಿದ್ದಾರೆ?”

“ಸೈಕಲ್ ತುಳಿಯುತ್ತಿದ್ದಾರೆ.”

ಪೊಲೀಸ್ ಸೈಕಲ್ಲನ್ನು ನೋಡಿದ, ಇವನನ್ನು ನೋಡಿದ. “ಸೈಕಲ್ ಇಲ್ಲಿದೆಯಲ್ಲ?”

“ಅದು... ಅಲ್ಲಿ ಬಾಡಿಗೆಯದು.”

“ನೀವೇಕೆ ಇದನ್ನು ಹತ್ತದೆ ತಳ್ಳುತ್ತಿದ್ದೀರಿ?”

“ನನಗೆ ಸೈಕಲ್ ಬರುವುದಿಲ್ಲ.”

ಇಡೀ ಹೇಳಿಕೆಯಲ್ಲಿ ಸತ್ಯವಾಗಿದ್ದದ್ದು ಅದೊಂದೇ ಮಾತು. ಪೊಲೀಸ್ ನಂಬದೆ ಹೋದದ್ದೂ ಅದೊಂದನ್ನೇ. ನೋಮುರಾ-ಸಾನ್‌ಗೆ ಫೋನ್ ಹೋಯಿತು. ಅವರು ಏಪ್ರನ್ನಿನಲ್ಲೇ ಓಡಿ ಬಂದು ಸಾಕ್ಷಿ ನುಡಿದರು: ಒಕುಸಾನ್ ಇಟಲಿಯಲ್ಲಿರುವುದು ನಿಜ, ಈಗ ಪಿಯೆಂಜಾ ದಾಟಿ ಮೊಂಟೆಪುಲ್ಚಾನೋದ ದಾರಿಯಲ್ಲಿದ್ದಾರೆ, ಮಂಡಿ ಈಗ ಪರವಾಗಿಲ್ಲ, ಬೇಕಾದರೆ ನೋಟಿಸ್ ಬೋರ್ಡ್ ನೋಡಬಹುದು. ಪೊಲೀಸ್ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ. ಜಪಾನಿನ ಪೊಲೀಸರೇ ಒಪ್ಪಿಕೊಂಡ ಮೇಲೆ ನಿರುಪಮಾ ಇಟಲಿಯಲ್ಲಿಲ್ಲ ಎನ್ನಲು ಗಂಡನಾದವನಿಗಾದರೂ ಏನು ಹಕ್ಕಿದೆ?

ಮನೆಗೆ ಹಿಂದಿರುಗುವಾಗ ನೋಮುರಾ-ಸಾನ್ ಕೇಳಿದರು: “ಪ್ರವಾಸ ಬಹಳ ಉದ್ದವಾಯಿತು. ಯಾವಾಗ ಬರುತ್ತಾರೆ?”

ಆಗ ಅಕ್ಟೋಬರು. ಮೂರನೆಯ ಮಾಸಿಕ ಮುಂದಿನ ಶನಿವಾರ ಬರುತ್ತದೆ, ಈ ಸಲ ನಿನ್ನ ಮನೆಯಲ್ಲೇ ಮಾಡೋಣ ಎಂದು ಅವತ್ತು ಬೆಳಿಗ್ಗೆಯಷ್ಟೇ ನಾನು ಫೋನ್ ಮಾಡಿ ತಿಳಿಸಿದ್ದೆ. ಅವನ ತಲೆಯಲ್ಲಿದ್ದದ್ದು ಅದೊಂದೇ ದಿನ. ಅದನ್ನೇ ಹೇಳಿಬಿಟ್ಟ.

“ಮುಂದಿನ ಶನಿವಾರ.”

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಮಾಸಿಕಕ್ಕೆ ಪಾತ್ರೆ ಪಡಗ ಏನೇನಿದೆ ನೋಡೋಣವೆಂದು ಗುರುವಾರ ಅವನ ಮನೆಗೆ ಹೋದೆ. ಕೆಳಗೆ ಬೋರ್ಡಿನ ಮುಂದೆ ಇಶಿದಾ-ಸಾನ್ ಗುಂಡುಸೂಜಿಯನ್ನು ಒಂದೂರಿಂದ ಇನ್ನೊಂದೂರಿಗೆ ದಾಟಿಸುತ್ತಿದ್ದರು. ನಕ್ಷೆಯ ಮೇಲೆ ‘ನಿರುಪಮಾ-ಸಾನ್’ ಎಂದು ಬರೆದಿರುವಷ್ಟನ್ನು ಓದುವ ಜಪಾನೀಸ್ ನನಗೂ ಬರುತ್ತದೆ. “ನೀವು ಅವರ ಗೆಳೆಯರೇ? ಮೊಂಟಾಲ್ಚಿನೋಗೆ ವಾಪಸ್ಸಾದರು! ಶನಿವಾರ ಇಲ್ಲಿಗೆ ಬರುತ್ತಾರಂತಲ್ಲ?” ಎಂದರು.

ನಾನೇನು ಮಾಡಿದೆ ಎಂದು ಕೇಳುತ್ತೀರಾ? ಹಾಯ್ ಅಂದೆ.

ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅವನನ್ನು ಹಿಡಿದುಕೊಂಡೆ. “ಏನೋ ಇದು? ತಲೆಗಿಲೆ ಕೆಟ್ಟಿದೆಯೇನೋ?”

“ನಾನೇನೂ ಹೇಳ್ಲಿಲ್ಲ ಕಣೋ. ಅವ್ರೇ ಕೇಳಿದ್ರು.”

“ನಿಜ ಹೇಳ್ಬೇಕಿತ್ತು ತಾನೆ? ಒಂದು ಮಾತು!”

“ಹೇಳಿದ್ರೆ ಅದು ನಿಜ ಆಗ್ಬಿಡತ್ತಲ್ಲೋ” ಎಂದ.

ಅವನೇ ಎದ್ದು ಕಪಾಟು ತೆರೆದು ತೋರಿಸಿದ. ಇಟಲಿಯ ಬಾದಾಮಿ ಬಿಸ್ಕತ್ತಿನ ಪೊಟ್ಟಣಗಳು, ಮನೆಗೊಂದರಂತೆ. ಪ್ರವಾಸ ಹೋದವರು ನೆರೆಹೊರೆಗೆ, ಆಫೀಸಿಗೆ ಒಮಿಯಾಗೆ, ಅಂದರೆ ಆ ಊರಿನ ತಿಂಡಿ, ತಂದು ಹಂಚದಿದ್ದರೆ ಜಪಾನಿನಲ್ಲಿ ಮರ್ಯಾದೆಯಿಲ್ಲ. ಯಾವುದೋ ಅಂಗಡಿಯಲ್ಲಿ ಹುಡುಕಿ ತಂದಿದ್ದಾನೆ. “ಅವಳು ಬರಿಗೈಲಿ ಬಂದ್ಲು ಅಂತ ಯಾರೂ ಅನ್ಬಾರ್ದಲ್ವಾ” ಎಂದ. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮನೆಯಲ್ಲಿ ಶ್ರೀವಿದ್ಯಾಳಿಗೆ ಹೇಳಿದೆ. ಮಕ್ಕಳ ಶಾಲೆಯ ದೆಸೆಯಿಂದ ಅವಳಿಗೆ ಜಪಾನೀಸ್ ಚೆನ್ನಾಗಿ ಬರುತ್ತದೆ. “ನೀನೇ ಹೋಗಿ ಆ ಅಜ್ಜಿಗೆ ಹೇಳಿಬಿಡೇ” ಎಂದೆ.

“ನಾನ್ಯಾಕೆ ಹೇಳ್ಲಿ?” ಎಂದಳು. “ಊರಿಗೆಲ್ಲಾ ನಾವೇ ಹೇಳಿ ಹೇಳಿ ಆ ಮಾತನ್ನ ಅವರ ಬಾಯಿಂದ ಕಿತ್ಕೊಂಡ್ಬಿಟ್ವಿ. ಇದನ್ನಾದ್ರೂ ಅವ್ರೇ ಹೇಳ್ಲಿ. ಹೇಳ್ದೆ ಅವ್ರಿಗೆ ಉಳಿಗಾಲ ಇಲ್ಲ.”

ಹೇಳುತ್ತೇನೆಂದು ನನಗೆ ಮಾತು ಕೊಟ್ಟು ಶುಕ್ರವಾರ ಅವನು ಕೆಳಗಿಳಿದನಂತೆ. ನೋಮುರಾ-ಸಾನ್ ಬಣ್ಣದ ಕಾಗದದ ಮೇಲೆ ಕುಂಚದಿಂದ ದೊಡ್ಡ ಅಕ್ಷರದಲ್ಲಿ ‘ಒಕಾಎರಿನಾಸಾಯ್’, ಮನೆಗೆ ಬಂದಿರಾ, ಬನ್ನಿ, ಎಂದು ಬರೆಯುತ್ತ ಕೂತಿದ್ದರಂತೆ. “ಅಕ್ಷರ ಚೆನ್ನಾಗಿದೆಯೇ?” ಎಂದು ಕೇಳಿದರಂತೆ. ಇವನ ಉತ್ತರ ನಿಮಗೇ ಗೊತ್ತು.

ಶನಿವಾರ ಬಂತು. ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ಶಾಸ್ತ್ರಿಗಳು. ಗೋಡೆಗೊರಗಿಸಿ ನಿರುಪಮಾಳ ಫೋಟೋ, ಅದಕ್ಕೆ ಹಾರ, ಮುಂದೆ ದೀಪ. ಕೆಂಪು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ನದಿಯ ದಂಡೆಯಲ್ಲಿ ನಗುತ್ತಿರುವ ಫೋಟೋ ಅದು. ರಮಾಕಾಂತ ಪಂಚೆಯುಟ್ಟು, ಬರಿಮೈಯಲ್ಲಿ, ದರ್ಭೆಯ ಉಂಗುರ ಹಾಕಿಕೊಂಡು ಕೂತಿದ್ದ. ಮಂತ್ರ ಅರ್ಧ ಆಗಿತ್ತು. ಬಾಗಿಲ ಗಂಟೆಯ ಸದ್ದಾಯಿತು.

ಶ್ರೀವಿದ್ಯಾ ಹೋಗಿ ತೆರೆದಳು. ಹೊರಗೆ ಇಡೀ ಕಟ್ಟಡ. ಎಲ್ಲರೂ ಹಬ್ಬದ ಬಟ್ಟೆಯಲ್ಲಿ. ನೋಮುರಾ-ಸಾನ್ ಕೈಯಲ್ಲಿ ಶುಭದ ದಿನ ಮಾಡುವ ಕೆಂಪು ಕಾಳಿನ ಅನ್ನ. ಇಶಿದಾ-ಸಾನ್ ಕೈಯಲ್ಲಿ ಆ ಬಣ್ಣದ ಬರಹ. ಒಳಗಿನಿಂದ ಅಡುಗೆಯ ಪರಿಮಳ, ಸೀರೆಯುಟ್ಟ ಶ್ರೀವಿದ್ಯಾ, ಮಂತ್ರದ ಶಬ್ದ ಎಲ್ಲ ಸೇರಿ ಅವರಿಗೆ ನಿಸ್ಸಂಶಯವಾಗಿತ್ತು, ಒಕುಸಾನ್ ಬಂದಿದ್ದಾರೆ. ನಾವು ತಡೆಯುವುದರೊಳಗೆ ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ಬಂದು, ಒಟ್ಟಿಗೆ ‘ಒಕಾ...’ ಎಂದು ಶುರು ಮಾಡಿದವರು ಅಷ್ಟಕ್ಕೇ ನಿಂತರು.

ಹೂವಿಟ್ಟು ದೀಪ ಹಚ್ಚಿದ ಫೋಟೋದ ಅರ್ಥ ಮೈಸೂರಿನಲ್ಲೂ ಅದೇ, ಜಪಾನಿನಲ್ಲೂ ಅದೇ. ಯಾರೂ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಇಶಿದಾ-ಸಾನ್ ಬರಹವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು.

ರಮಾಕಾಂತ ಎದ್ದು ನಿಂತ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಈಗಲೂ ಹಾಯ್ ಅಂದುಬಿಟ್ಟರೆ ಏನು ಗತಿ ಎಂದು ನಾನು ಕೈ ಕೈ ಹಿಸುಕಿಕೊಂಡೆ.

“ನಿರುಪಮಾ ತೀರಿಕೊಂಡ್ಲು” ಎಂದ. ಕನ್ನಡದಲ್ಲೇ. “ಜುಲೈನಲ್ಲೇ. ಮೈಸೂರಲ್ಲಿ. ಅವಳು ಇಟಲಿಗೆ ಹೋಗ್ಲೇ ಇಲ್ಲ. ನನ್ನ ಹೆಂಡ್ತಿ ತೀರಿಕೊಂಡ್ಲು.” ಅಷ್ಟು ಹೇಳಿ, ಅಲ್ಲಿಯವರೆಗೆ ಒಂದು ಹನಿಯನ್ನೂ ತೋರಿಸದಿದ್ದವನು ಬಿಕ್ಕಿ ಬಿಕ್ಕಿ ಅತ್ತ.

ಶ್ರೀವಿದ್ಯಾ ಜಪಾನೀಸಿಗೆ ತಿರುಗಿಸಲು ಹೊರಟಳು. ನೋಮುರಾ-ಸಾನ್ ಬೇಡವೆಂದು ಕೈ ಎತ್ತಿದರು. ನಿಧಾನವಾಗಿ ಮಂಡಿಯೂರಿ ಫೋಟೋದ ಮುಂದೆ ಕೂತರು. ಅನ್ನದ ಡಬ್ಬಿಯನ್ನು ತೆರೆದು ದೀಪದ ಪಕ್ಕದಲ್ಲಿಟ್ಟರು, ಕೈಮುಗಿದರು. ತಾವು ಹೇಳಬೇಕೆಂದು ಬಂದಿದ್ದ ಮಾತನ್ನೇ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಿಸುವ ಹಾಗೆ ಹೇಳಿದರು: “ಒಕಾಎರಿನಾಸಾಯ್, ನಿರುಪಮಾ-ಸಾನ್.”

“ಏನಾಯ್ತ್ರೀ? ಸೌಂಡೇ ಬರ್ತಿಲ್ಲ!” ಎಂದರು ಲ್ಯಾಪ್‌ಟಾಪಿನೊಳಗಿಂದ ಶಾಸ್ತ್ರಿಗಳು.

“ಅಕ್ಕಪಕ್ಕದೋರು ಬಂದಿದಾರೆ, ಶಾಸ್ತ್ರಿಗಳೇ” ಎಂದೆ.

“ಬರ್ಲಿ, ಒಳ್ಳೇದೇ ಆಯ್ತು. ಆ ಕೆಂಪನ್ನಕ್ಕೆ ಈರುಳ್ಳಿ ಹಾಕಿಲ್ಲ ತಾನೆ?”

“ಇಲ್ಲ.”

“ಹಂಗಾದ್ರೆ ಇರ್ಲಿ. ಎಲ್ಲಿಗೆ ನಿಲ್ಲಿಸಿದ್ವಿ?”

ಕರ್ಮ ಮುಗಿದು, ಕಾಗೆಗೆ ಎಲೆ ಇಡುವ ಹೊತ್ತು ಬಂತು. ಬಾಲ್ಕನಿಯ ಕಟ್ಟೆಯ ಮೇಲೆ ಇಟ್ಟೆವು. ಇಲ್ಲೊಂದು ತೊಡಕು. ಕಸದ ಚೀಲ ಹರಿಯುವ ಕಾಗೆಗಳೆಂದರೆ ನೋಮುರಾ-ಸಾನ್‌ಗೆ ಬದ್ಧವೈರ. ಕಾಗೆಗೆ ತಿಂಡಿ ಹಾಕಬಾರದು ಎಂದು ಬೋರ್ಡಿನಲ್ಲಿ ನೋಟಿಸ್ ಹಾಕಿದವರೂ ಅವರೇ. ಸತ್ತ ಕಾಗೆಯಂಥ ಪ್ಲಾಸ್ಟಿಕ್ ಬೊಂಬೆಯೊಂದನ್ನು ತಲೆಕೆಳಗಾಗಿ ಆ ಬಾಲ್ಕನಿಯ ಮೂಲೆಯಲ್ಲೇ ತೂಗುಹಾಕಿಸಿದ್ದರು. ಅದನ್ನು ಕಂಡು ಎದುರಿನ ತಂತಿಯ ಮೇಲೆ ಕೂತ ಕಾಗೆಗಳು ಇತ್ತ ಬರಲೊಲ್ಲವು. “ಕಾ, ಕಾ” ಎಂದು ನಾನು ಕರೆದೆ. ಇಶಿದಾ-ಸಾನ್ ಜಪಾನಿ ಕಾಗೆಯ ಭಾಷೆಯಲ್ಲಿ ಕರೆದರು. ಪ್ರಯೋಜನವಿಲ್ಲ.

“ಕಾಗೆ ಏಕೆ ಬರಬೇಕು?” ಎಂದು ನೋಮುರಾ-ಸಾನ್ ಕೇಳಿದರು. ಹೋದವರ ಆಸೆ ಏನಾದರೂ ಉಳಿದಿದ್ದರೆ ಅದು ಮುಟ್ಟುವುದಿಲ್ಲ, ಇರುವವರು ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು ಎಂದು ಶ್ರೀವಿದ್ಯಾ ವಿವರಿಸಿದಳು. ಯಾವ ಆಸೆ ಎಂದು ಯಾರೂ ಕೇಳಲಿಲ್ಲ. ಅದರ ನಕ್ಷೆ ಕೆಳಗೆ ಬೋರ್ಡಿನಲ್ಲೇ ಇತ್ತು.

ರಮಾಕಾಂತ ಕಟ್ಟೆಯ ಹತ್ತಿರ ಹೋಗಿ ಕೈಮುಗಿದ. “ಹೋಗ್ತೀನಿ ಕಣೆ. ನಾನೇ ಹೋಗ್ತೀನಿ. ನೀನು ಹೇಳಿದ ದಾರೀಲೇ. ಸೈಕಲ್ಲೂ...” ಎಂದು ತಡೆದ. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು ಅವನಿಗೆ. “ಸೈಕಲ್ ಹೊಡೀತೀನಿ ಅನ್ನಲ್ಲ. ಜೊತೇಲಿ ತಗೊಂಡ್ ಹೋಗ್ತೀನಿ.”

ಅದೇ ಹೊತ್ತಿಗೆ ನೋಮುರಾ-ಸಾನ್ ಅಡುಗೆಮನೆಯಿಂದ ಸ್ಟೂಲು, ಕತ್ತರಿ ತಂದರು. ಇಶಿದಾ-ಸಾನ್ ಸ್ಟೂಲು ಹಿಡಿದುಕೊಂಡರು. ಎಂಬತ್ತು ದಾಟಿದ ಮುದುಕಿ ಮೇಲೆ ಹತ್ತಿ, ತಾವೇ ಕಟ್ಟಿಸಿದ ಪ್ಲಾಸ್ಟಿಕ್ ಕಾಗೆಯ ದಾರವನ್ನು ಕತ್ತರಿಸಿ ಒಳಗೆಸೆದರು. ಒಂದು ಕಾಗೆ ಹಾರಿ ಬಂತು. ಕಟ್ಟೆಯ ಮೇಲೆ ಕೂತು ನಮ್ಮನ್ನೆಲ್ಲ ಒಮ್ಮೆ ನೋಡಿ, ವಡೆಯನ್ನು ಕಚ್ಚಿಕೊಂಡು ಹೋಯಿತು.

ಅವನು ಮಾತು ಕೊಟ್ಟದ್ದಕ್ಕೆ ಬಂತು ಎಂದು ಶ್ರೀವಿದ್ಯಾ. ಬೊಂಬೆ ತೆಗೆದದ್ದಕ್ಕೆ ಬಂತು ಎಂದು ನಾನು. ನಮ್ಮ ಮನೆಯಲ್ಲಿ ಈ ವಾದ ಇನ್ನೂ ಮುಗಿದಿಲ್ಲ.

ಊಟವಾದ ಮೇಲೆ ರಮಾಕಾಂತ ಕಪಾಟಿನಿಂದ ಬಿಸ್ಕತ್ತಿನ ಪೊಟ್ಟಣಗಳನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆಯೂ ಬಗ್ಗಿ ಕೊಟ್ಟ. ಪ್ರತಿಯೊಬ್ಬರಿಗೂ, ಈಗ ಜಪಾನೀಸಿನಲ್ಲಿ, ಸುಮಿಮಾಸೆನ್, ಎಂದರೆ ಕ್ಷಮಿಸಿ, ನನ್ನ ಹೆಂಡತಿ ತೀರಿಕೊಂಡಳು, ಎಂದ. ಮೊದಮೊದಲು ಮಾತು ತೊಡರುತ್ತಿತ್ತು. ಬಿಸ್ಕತ್ತು ಕಲ್ಲಿನ ಹಾಗಿತ್ತು. ನೋಮುರಾ-ಸಾನ್ ಅದನ್ನು ಪಾಯಸದಲ್ಲಿ ಅದ್ದಿಕೊಂಡು, ಕಣ್ಣೊರೆಸಿಕೊಳ್ಳುತ್ತ ತಿಂದರು.

ಮೇ ತಿಂಗಳ ರಜೆಯಲ್ಲಿ ರಮಾಕಾಂತ ಇಟಲಿಗೆ ಹೋದ. ಮೊಂಟಾಲ್ಚಿನೋದಿಂದ ಪಿಯೆಂಜಾವರೆಗೆ ನಡೆದ. ಪಿಯೆಂಜಾದಲ್ಲಿ ಹೆಂಗಸರ ಸೈಕಲ್ಲೇ ಬೇಕೆಂದು ಕೇಳಿ ಬಾಡಿಗೆಗೆ ಪಡೆದ. ಅಲ್ಲಿಂದ ಮುಂದೆ ಏರಿನಲ್ಲಿ ತಳ್ಳಿದ, ಇಳಿಜಾರಿನಲ್ಲಿ ಎರಡೂ ಬ್ರೇಕ್ ಹಿಡಿದು ತಳ್ಳಿದ. ಆ ದಾರಿಯಲ್ಲಿ ಹೋಗುವ ಸೈಕಲ್ಲಿನವರೆಲ್ಲ ನಿಂತು ಪಂಕ್ಚರ್ ಆಯಿತೇ ಎಂದು ಕೇಳಿದರಂತೆ. ಒಬ್ಬ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಪಂಪ್ ತಂದನಂತೆ. ಗಾಳಿ ತುಂಬಿದ ಚಕ್ರವನ್ನು ಒತ್ತಿ ನೋಡಿ ಅವನಿಗೆ ತಲೆಬುಡ ತಿಳಿಯದಾದಾಗ, ಇದು ನನ್ನ ಹೆಂಡತಿಗೋಸ್ಕರ, ಅವಳು ತೀರಿಕೊಂಡಳು, ಎಂದು ರಮಾಕಾಂತ ಇಂಗ್ಲಿಷಿನಲ್ಲಿ ಹೇಳಿದನಂತೆ. ರೈತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೂ ಟೋಪಿ ತೆಗೆದನಂತೆ.

ಇದನ್ನೆಲ್ಲ ಅವನು ಹೇಳಿದ್ದು ಮೊಂಟೆಪುಲ್ಚಾನೋದ ದಾರಿಯಿಂದ, ವಿಡಿಯೋ ಕಾಲಿನಲ್ಲಿ. ನಾವೆಲ್ಲ ಫುನಾಬೊರಿಯ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದೆವು. ಇಶಿದಾ-ಸಾನ್ ಕೆಂಪು ಸೂಜಿಯನ್ನು ಅಲ್ಲೇ ಬಿಟ್ಟು, ನೀಲಿಯದೊಂದನ್ನು ಸರಿಸುತ್ತ ಬಂದಿದ್ದರು. ಫೋನಿನಲ್ಲಿ ಹಸಿರು ಗುಡ್ಡ, ಬಿಳಿ ಜಲ್ಲಿಯ ದಾರಿ, ಸೈಪ್ರೆಸ್ ಮರಗಳು, ಅವುಗಳ ಮುಂದೆ ಸೈಕಲ್ಲಿಗೆ ಒರಗಿ ನಿಂತ ರಮಾಕಾಂತ. ಅವಳು ಟೀವಿಯಲ್ಲಿ ಕಂಡದ್ದು ಹೀಗೇ ಇತ್ತು.

ನೋಮುರಾ-ಸಾನ್ ಕನ್ನಡಕ ಸರಿಮಾಡಿಕೊಂಡು ಫೋನಿಗೆ ಹತ್ತಿರ ಬಗ್ಗಿದರು. ದಾರಿ ನಿರ್ಜನವಾಗಿ ಕಂಡು ಅವರಿಗೆ ಗಾಬರಿಯಾಗಿರಬೇಕು.

“ಅಲ್ಲಿ ಒಬ್ಬರೇ ಇದ್ದೀರಾ?”

ರಮಾಕಾಂತ ಸೈಕಲ್ಲಿನ ಖಾಲಿ ಸೀಟಿನ ಮೇಲೆ ಕೈಯಿಟ್ಟುಕೊಂಡೇ ಇದ್ದ.

“ಹಾಯ್” ಎಂದ.